ಅಪ್ಪಯ್ಯ-ಅಮ್ಮ ಬಾಸ್ಟನ್‌ಗೆ ಹೊರಟಿದ್ದಾರೆ, ಮಧ್ಯೆ ಇಳಿಯುವ ದೇಶಕ್ಕೂ ವೀಸಾ ಬೇಕಾ?

ನೀವು ಕೇಳಿದ್ದು ಇಷ್ಟು: ಸಾಗರದಲ್ಲಿರುವ ಅಪ್ಪಯ್ಯ-ಅಮ್ಮ ಮೊದಲ ಸಲ ಬಾಸ್ಟನ್‌ನ ಮಗಳ ಮನೆಗೆ ಹೋಗುತ್ತಿದ್ದಾರೆ. ಅಮೆರಿಕದ ವೀಸಾ ಆಗಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಒಂದು ಟಿಕೆಟ್, ಅಲ್ಲಿಂದ ಬಾಸ್ಟನ್‌ಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ತಗೊಂಡರೆ ದುಡ್ಡು ಉಳಿಯುತ್ತದೆ. ಜರ್ಮನಿಯ ವೀಸಾ ಬೇಕಾ, ಇಲ್ಲ ದೋಹಾ-ದುಬೈ ಕಡೆಯಿಂದ ಕಳಿಸೋದೇ ವಾಸಿಯಾ?

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟಿಕೆಟ್ ಬುಕಿಂಗ್ ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರೇ ಜಾಸ್ತಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಆ ಎರಡು ಟಿಕೆಟ್ ಸಹವಾಸ ಬೇಡ.

ಇಲ್ಲಿ ನೋಡಬೇಕಾದದ್ದು ದೇಶ ಯಾವುದು ಅಂತ ಮಾತ್ರ ಅಲ್ಲ. ನಿಮ್ಮವರು ಅಲ್ಲಿ ಇಮಿಗ್ರೇಷನ್ ಕೌಂಟರ್ ದಾಟಿ ಹೊರಗೆ ಬರಬೇಕಾಗುತ್ತದಾ ಅನ್ನೋದನ್ನು ನೋಡಬೇಕು. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಬಾಸ್ಟನ್ ತನಕ ಟಿಕೆಟ್ ಇದ್ದರೆ ಲಗೇಜು ತಾನಾಗಿ ಮುಂದಿನ ವಿಮಾನಕ್ಕೆ ಹೋಗುತ್ತದೆ, ಇವರು ನಿಲ್ದಾಣದ ಒಳಗೇ ನಡೆದುಕೊಂಡು ಇನ್ನೊಂದು ಗೇಟಿಗೆ ಹೋಗುತ್ತಾರೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ ಇಷ್ಟಕ್ಕೆ ಜರ್ಮನಿಯ ಟ್ರಾನ್ಸಿಟ್ ವೀಸಾ ಬೇಡ. ಬೇರೆ ಬೇರೆ ಟಿಕೆಟ್ ಆದರೆ ಕಥೆಯೇ ಬೇರೆ. ಸಾಮಾನ್ಯವಾಗಿ ಲಗೇಜು ಫ್ರಾಂಕ್‌ಫರ್ಟ್‌ನ ಬೆಲ್ಟಿಗೆ ಬಂದು ಬೀಳುತ್ತದೆ. ಅದನ್ನು ಎತ್ತಿಕೊಳ್ಳಲು ಇಮಿಗ್ರೇಷನ್ ದಾಟಬೇಕು, ಅದಕ್ಕೆ ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ವೀಸಾ ಬೇಕು. ಅಮೆರಿಕದ ವೀಸಾ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದನ್ನು ಜರ್ಮನಿಯವರು ಹೇಳುವ ತನಕ ಹೋಗುವುದೂ ಇಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ತಡೆದು ನಿಲ್ಲಿಸುತ್ತಾರೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಅಷ್ಟೇ, ಎರಡನೇ ಕಂಪನಿಗೆ ಅದು ಸಂಬಂಧವೇ ಇಲ್ಲ. ಉಳಿದ ದುಡ್ಡಿಗಿಂತ ಹೊಸ ಟಿಕೆಟ್ಟಿಗೇ ಜಾಸ್ತಿ ಹೋಗುತ್ತದೆ.

ಒಂದೇ ಪಿಎನ್‌ಆರ್‌ನಲ್ಲೂ ಒಂದು ಕೊಕ್ಕೆ ಇದೆ. ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್, ಲಿಸ್ಬನ್‌ನಿಂದ ಬಾಸ್ಟನ್ ಅಂತ ಅಗ್ಗದ ಟಿಕೆಟ್ ಕಾಣಿಸಬಹುದು. ಜರ್ಮನಿ, ಲಿಸ್ಬನ್ ಇರುವ ಪೋರ್ಚುಗಲ್ ಎರಡೂ ಷೆಂಗೆನ್ ದೇಶಗಳು. ಅವುಗಳ ನಡುವಿನ ಹಾರಾಟ ಅಲ್ಲಿಯವರ ಪಾಲಿಗೆ ದೇಶದೊಳಗಿನ ಹಾರಾಟ ಇದ್ದಹಾಗೆ. ಲಗೇಜು ಮುಟ್ಟದಿದ್ದರೂ ಫ್ರಾಂಕ್‌ಫರ್ಟ್‌ನಲ್ಲೇ ಇಮಿಗ್ರೇಷನ್ ದಾಟಬೇಕು, ಅಂದರೆ ಷೆಂಗೆನ್ ವೀಸಾ ಬೇಕೇ ಬೇಕು. ಯುರೋಪಿನಲ್ಲಿ ಒಂದೇ ಕಡೆ ಇಳಿಯುವ ಹಾಗಿರಲಿ.

ಇನ್ನು ಕೊಲ್ಲಿ ಕಡೆ. ದೋಹಾ, ದುಬೈ, ಅಬುಧಾಬಿ ಮೂರರಲ್ಲೂ ಒಂದೇ ಟಿಕೆಟ್ಟಿನಲ್ಲಿ ನಿಲ್ದಾಣದ ಒಳಗೇ ವಿಮಾನ ಬದಲಿಸುವವರಿಗೆ ವೀಸಾ ಬೇಡ. ಅಬುಧಾಬಿಯಲ್ಲಿ ಒಂದು ವಿಶೇಷ ಇದೆ. 2014ರಿಂದ ಅಮೆರಿಕದ ಇಮಿಗ್ರೇಷನ್ ಅಲ್ಲೇ ಕೂತಿದೆ. ಎಷ್ಟು ದಿನ ಇರ್ತೀರಿ, ಯಾರ ಮನೆಗೆ, ಬ್ಯಾಗಿನಲ್ಲಿ ಏನಿದೆ ಅಂತ ಅಲ್ಲೇ ಕೇಳಿ ಮುಗಿಸುತ್ತಾರೆ, ಬಾಸ್ಟನ್‌ನಲ್ಲಿ ಇಳಿದು ಸೀದಾ ಹೊರಗೆ ನಡೆಯಬಹುದು. ಓಡಾಡಿ ಅಭ್ಯಾಸ ಇರುವವರಿಗೆ ಇದು ಬಹಳ ಅನುಕೂಲ. ಇಂಗ್ಲಿಷ್ ಬಾರದ ಅಪ್ಪಯ್ಯ-ಅಮ್ಮನಿಗೆ ಮಾತ್ರ ನಾನು ದೋಹಾ ಅಥವಾ ದುಬೈ ಅನ್ನುತ್ತೇನೆ. ಸಾಲು ಉದ್ದ ಇದ್ದು, ಅಧಿಕಾರಿಯ ಪ್ರಶ್ನೆ ಅರ್ಥವಾಗದೆ, ಅತ್ತ ವಿಮಾನದ ಹೊತ್ತೂ ಆಗುತ್ತಿದ್ದರೆ ವಯಸ್ಸಾದವರು ಗಾಬರಿ ಬೀಳುತ್ತಾರೆ. ಅದೇ ಪ್ರಶ್ನೆ ಬಾಸ್ಟನ್‌ನಲ್ಲಿ ಕೇಳಿದರೆ ಎಷ್ಟು ಹೊತ್ತಾದರೂ ಪರವಾಗಿಲ್ಲ, ಮಗಳು ಹೊರಗೆ ಕಾಯುತ್ತಿರುತ್ತಾಳೆ. ಅಬುಧಾಬಿಯೇ ಅಂತಾದರೆ ನಡುವೆ 4 ಗಂಟೆಯಾದರೂ ಇಟ್ಟುಕೊಳ್ಳಿ. ಬೇರೆ ಕಡೆ 3 ಗಂಟೆ ಸಾಕು.

ಬೆಂಗಳೂರಿನಲ್ಲಿ ಬ್ಯಾಗ್ ಕೊಡುವಾಗ ಒಂದು ಕೆಲಸ ಮಾಡಲು ಹೇಳಿ. ಬ್ಯಾಗಿನ ಹಿಡಿಗೆ ಅಂಟಿಸುವ ಉದ್ದನೆಯ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಬಾಸ್ಟನ್‌ನ ಗುರುತು ಬಿ-ಒ-ಎಸ್ ಅಂತ ಇರಬೇಕು. ದೋಹಾದ ಡಿ-ಒ-ಎಚ್ ಮಾತ್ರ ಇದ್ದರೆ ಅಲ್ಲೇ ಕೇಳಬೇಕು. ಬೋರ್ಡಿಂಗ್ ಪಾಸೂ ತಲಾ ಎರಡೆರಡು ಕೈಗೆ ಬಂತಾ ನೋಡಿಕೊಳ್ಳಲಿ. ಎರಡನೆಯದರಲ್ಲಿ ಗೇಟ್ ನಂಬರ್ ಇಲ್ಲದಿದ್ದರೆ ಹೆದರುವುದು ಬೇಡ, ಅದು ದೋಹಾದ ಪರದೆಯ ಮೇಲೆ ಬರುತ್ತದೆ. ದೋಹಾದ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಪಾಸಿನಲ್ಲಿ 8:05 ಅಂತಿರುತ್ತದೆ, ಅಪ್ಪಯ್ಯನ ಕೈಗಡಿಯಾರ 10 ದಾಟಿರುತ್ತದೆ, ವಿಮಾನ ಹೋಗೇಬಿಟ್ಟಿತು ಅಂತ ಓಡಾಟ ಶುರು. ಇಳಿದ ಕೂಡಲೇ ಗಡಿಯಾರ ಸರಿಮಾಡಿಕೊಳ್ಳಲು ಹೇಳಿ. ಆ ನಿಲ್ದಾಣದ ನಡುವೆ ದೊಡ್ಡದೊಂದು ಹಳದಿ ಕರಡಿ ಬೊಂಬೆ ಕೂತಿದೆ, ಏಳು ಮೀಟರ್ ಎತ್ತರದ್ದು. ಕೈ ತಪ್ಪಿದರೆ ಇಬ್ಬರೂ ಅಲ್ಲಿಗೇ ಬರಲಿ.

ಅಮ್ಮನಿಗೆ ಮಂಡಿನೋವಿದ್ದರೆ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಅಪ್ಪಯ್ಯ ಪಕ್ಕದಲ್ಲೇ ನಡೆದು ಹೋಗುತ್ತಾರೆ. ದಿನಾ ತೋಟದ ದರೆ ಹತ್ತಿ ಇಳಿಯುವವರಿಗೆ ಸುಮ್ನೆ ವೀಲ್‌ಚೇರ್ ಹಾಕಿಸೋದು ನನಗೆ ಒಪ್ಪಿಗೆಯಿಲ್ಲ, ನಿಜವಾಗಿ ಬೇಕಾದವರು ಕಾಯುತ್ತಾ ಕೂರಬೇಕಾಗುತ್ತದೆ. ಅಂಥವರಿಗೆ ಒಂದು ಹಾಳೆ ಬರೆದುಕೊಡಿ. ಮೇಲೆ ಕನ್ನಡದಲ್ಲಿ ಅವರಿಗೆ, ಕೆಳಗೆ ಇಂಗ್ಲಿಷಿನಲ್ಲಿ ಅಲ್ಲಿಯ ಸಿಬ್ಬಂದಿಗೆ: ವಿಮಾನದ ನಂಬರ್, ಸಮಯ, ಮಗಳ ವಿಳಾಸ, ಫೋನ್. ಶಾಕಾಹಾರಿ ಊಟವನ್ನೂ ಮೊದಲೇ ಹೇಳಿಡಿ.

ಇನ್ನು ನಮ್ಮ ಕಡೆಯವರ ದೊಡ್ಡ ತಲೆನೋವು, ಸಾಮಾನು. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತುಪ್ಪ ಇವೆಲ್ಲ ದ್ರವದ ಲೆಕ್ಕ. ಕೈಚೀಲದಲ್ಲಿ 100 ಎಂಎಲ್ ಮೀರಿದರೆ ತೆಗೆದು ಹಾಕುತ್ತಾರೆ, ಮಧ್ಯದ ನಿಲ್ದಾಣದಲ್ಲೂ ಮತ್ತೆ ತಪಾಸಣೆ ಇರುತ್ತದೆ. ಎರಡೆರಡು ಪ್ಲಾಸ್ಟಿಕ್ ಸುತ್ತಿ ದೊಡ್ಡ ಬ್ಯಾಗಿಗೇ ಹಾಕಿ. ಹಲಸಿನ ಹಪ್ಪಳಕ್ಕೆ ಎಲ್ಲೂ ತಕರಾರಿಲ್ಲ, ಪುಡಿ ಆಗದಿದ್ದರೆ ಸಾಕು. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ. ದುಬೈ, ಅಬುಧಾಬಿ ಇರುವ ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಬರೀ ವಿಮಾನ ಬದಲಿಸುವವರಿಗೂ ಆ ಕಾನೂನೇ. ಪಾಯಸಕ್ಕೆ ಅಂತ ಹೇಳಿದರೆ ಕೇಳುವವರಿಲ್ಲ. ಅಪ್ಪಯ್ಯನ ಎಲೆ-ಅಡಿಕೆ ಸಂಚಿಯೂ ಮನೆಯಲ್ಲೇ ಇರಲಿ, ಮುಖ ಊದಿಸಿಕೊಂಡರೂ ಸರಿ. ಬಿಪಿ-ಶುಗರ್ ಮಾತ್ರೆ ಕೈಚೀಲದಲ್ಲಿ, ಡಾಕ್ಟರ ಚೀಟಿ ಜೊತೆಗೆ.

ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನದಲ್ಲೇ ಬೆಂಗಳೂರಿಗೆ ಹೋಗಬಹುದಲ್ಲ ಅಂತ ಕೇಳಬಹುದು. ಅದೂ ಬೇರೆ ಟಿಕೆಟ್ಟೇ ಅಲ್ವಾ? ಮಳೆಗಾಲದಲ್ಲಿ ಮೋಡ ಕವಿದು ವಿಮಾನ ಇಲ್ಲಿ ಇಳಿಯಲಾಗದೆ ಹೋದದ್ದಿದೆ, ಆಮೇಲೆ ದೋಹಾ ವಿಮಾನ ಯಾರಿಗೂ ಕಾಯುವುದಿಲ್ಲ. ಬೆಂಗಳೂರಿನಲ್ಲಿ ಇಳಿದ ಮೇಲೂ ಲಗೇಜು ತೆಗೆದುಕೊಂಡು ಎರಡನೇ ಟರ್ಮಿನಲ್‌ಗೆ ಹೋಗಬೇಕು. ಕಾರು ಮಾಡಿಕೊಂಡು ಮಧ್ಯಾಹ್ನ ಊಟ ಮುಗಿಸಿ ಹೊರಡಿ. ತುಮಕೂರು ದಾಟಿದ ಮೇಲೆ ಬೆಂಗಳೂರಿನೊಳಗೆ ನುಗ್ಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ಟಿಕೆಟ್ ದುಡ್ಡು ಕಟ್ಟುವ ಮುಂಚೆ ಯಾವ ಊರಿನ ಮೇಲೆ ಹೋಗುತ್ತದೆ, ನಡುವೆ ಎಷ್ಟು ಗಂಟೆ ಅಂತ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಪಿಎನ್‌ಆರ್ ನಂಬರ್ ಮಾತ್ರ ಹಾಕಬೇಡಿ.