ಆಲೂಗಡ್ಡೆಗೆ ಕೊಟ್ಟಿಗೆ ಗೊಬ್ಬರ ಒಂದೇ ಸಾಕಾ, ಸರ್ಕಾರಿ (ರಾಸಾಯನಿಕ) ಗೊಬ್ಬರವೂ ಬೇಕಾ?

ಹುಣಸೂರು ಹತ್ತಿರ ಒಂದು ಎಕರೆ ಕೆಂಪು ಮಣ್ಣು, ಬೋರ್‌ವೆಲ್ ನೀರು ಇದೆ, ಕೊಟ್ಟಿಗೆ ಗೊಬ್ಬರ ಬೇಕಾದಷ್ಟಿದೆ, ಯೂರಿಯಾ, ಡಿಎಪಿ ಬಿಟ್ಟುಬಿಡಬಹುದಾ ಅಂತ ಕೇಳಿದ್ದೀರಿ. ನಾನು ಪಿರಿಯಾಪಟ್ಟಣದ ಕಡೆಯವನು, ನಾನೂ ಆಲೂಗಡ್ಡೆ ಬೆಳೆಯುತ್ತೇನೆ. ನನ್ನ ಉತ್ತರ: ಬಿಡಬೇಡಿ, ಎರಡನ್ನೂ ಕೊಡಿ.

ಇದು ಸುಮಾರು ಮೂರು ತಿಂಗಳ ಬೆಳೆ. ಬಿತ್ತಿ ಒಂದು ತಿಂಗಳಾದ ಮೇಲೆ ಗಡ್ಡೆ ಕಟ್ಟಲು ಶುರುವಾಗುತ್ತದೆ. ಅಲ್ಲಿಂದ ಮುಂದಿನ ಒಂದು ತಿಂಗಳು ಗಿಡಕ್ಕೆ ವಿಪರೀತ ಹಸಿವು. ಹತ್ತು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 50 ಕೆಜಿ ಸಾರಜನಕ ಇರುತ್ತದೆ ನಿಜ. ಆದರೆ ಮೊದಲ ಬೆಳೆಗೆ ಸಿಗುವುದು ಅದರಲ್ಲಿ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು. ಉಳಿದದ್ದು ನಿಧಾನಕ್ಕೆ ಮುಂದಿನ ಬೆಳೆಗಳಿಗೆ. ಹಾಗಂತ ಬರೀ ಮೂಟೆ ಗೊಬ್ಬರ ಸುರಿದರೆ ಕೆಂಪು ಮಣ್ಣು ಗಟ್ಟಿಯಾಗುತ್ತದೆ, ಗಡ್ಡೆ ಊದಲು ಜಾಗ ಸಿಗುವುದಿಲ್ಲ.

ಎಕರೆಗೆ ಹತ್ತು ಟನ್ ತಿಪ್ಪೆ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ. ಇದರ ಜೊತೆಗೆ ನಾನು ಕೊಡುವುದು ಡಿಎಪಿ 87 ಕೆಜಿ, ಪೊಟ್ಯಾಷ್ 83 ಕೆಜಿ, ಯೂರಿಯಾ 75 ಕೆಜಿ. ಡಿಎಪಿ, ಪೊಟ್ಯಾಷ್ ಪೂರ್ತಿ ಬಿತ್ತನೆ ದಿನವೇ ಸಾಲಿಗೆ, ಜೊತೆಗೆ 20 ಕೆಜಿ ಯೂರಿಯಾ. ಮೇಲೆ ಸ್ವಲ್ಪ ಮಣ್ಣು ಎಳೆದು ಆಮೇಲೆ ಗಡ್ಡೆ ಇಡಿ. ಗೊಬ್ಬರ ನೇರ ತಾಗಿದರೆ ಮೊಳಕೆ ಸುಟ್ಟುಹೋಗುತ್ತದೆ. ಉಳಿದ ಯೂರಿಯಾ ಬಿತ್ತಿ ಒಂದು ತಿಂಗಳಾದಾಗ, ಗಿಡದ ಬುಡಕ್ಕೆ ಮಣ್ಣು ಏರಿಸುವಾಗ. ಅಲ್ಲಿಗೆ ಮುಗಿಸಿ. ಗಿಡ ಹಳದಿ ತಿರುಗಿತು ಅಂತ ಎರಡು ತಿಂಗಳ ಮೇಲೂ ಯೂರಿಯಾ ಎರಚುವವರಿದ್ದಾರೆ. ಸೊಪ್ಪು ಚೆನ್ನಾಗಿ ಬರುತ್ತದೆ, ಗಡ್ಡೆ ಬಲಿಯುವುದು ತಡವಾಗುತ್ತದೆ. ಮೋಡದ ವಾತಾವರಣ ಬಂದರೆ ಆ ದಟ್ಟ ಸೊಪ್ಪಿನೊಳಗೆ ಅಂಗಮಾರಿ ರೋಗ ಬೇಗ ಹಬ್ಬುತ್ತದೆ.

ಒಂದು ಮಾತು ಗಮನವಿಟ್ಟು ಓದಿ. ತೋಟಗಾರಿಕೆ ಇಲಾಖೆಯವರು ಹೇಳುವ ಪ್ರಮಾಣ ಕೊಟ್ಟಿಗೆ ಗೊಬ್ಬರ ಹಾಕೇ ಹಾಕುತ್ತೀರಿ ಅನ್ನುವ ಲೆಕ್ಕದಲ್ಲೇ ಇರುತ್ತದೆ. ಹಾಗಾಗಿ ತಿಪ್ಪೆ ಗೊಬ್ಬರ ಹಾಕಿದ್ದೇನೆ ಅಂತ ಮೂಟೆಯಲ್ಲಿ ಅರ್ಧ ಕಳೆಯಬೇಡಿ.

ಗೊಬ್ಬರ ಪೂರ್ತಿ ಕಳಿತಿರಬೇಕು, ಇದರಲ್ಲಿ ರಾಜಿ ಬೇಡ. ತಿಪ್ಪೆಯನ್ನು ಮೊಳಕೈ ಆಳಕ್ಕೆ ಬಗೆದು ಒಂದು ಹಿಡಿ ತೆಗೆಯಿರಿ. ಬೆಚ್ಚಗಿದ್ದರೆ, ಸಗಣಿ ವಾಸನೆ ಬಂದರೆ, ಹುಲ್ಲಿನ ಕಡ್ಡಿ ಕಡ್ಡಿಯಾಗೇ ಕಂಡರೆ ಇನ್ನೂ ಆಗಿಲ್ಲ. ಕಪ್ಪಗೆ, ತಣ್ಣಗೆ, ಬೆರಳಲ್ಲಿ ಉದುರುವಂತಿರಬೇಕು. ಬಿಳಿ ಗೊಣ್ಣೆ ಹುಳು ಇದ್ದರೆ ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಹೊಲಕ್ಕೆ ಹೋಗಿ ಗಡ್ಡೆ ಕೊರೆಯುತ್ತವೆ. ಒಲೆ ಬೂದಿಯನ್ನೂ ತಿಪ್ಪೆಗೆ ಜಾಸ್ತಿ ಸುರಿಯಬೇಡಿ. ಬೂದಿ ಮಣ್ಣನ್ನು ಕ್ಷಾರದ ಕಡೆ ತಳ್ಳುತ್ತದೆ, ಗಡ್ಡೆಯ ಸಿಪ್ಪೆ ಮೇಲೆ ಹುರುಕು ಏಳುವುದು ಅಂಥ ಮಣ್ಣಲ್ಲೇ ಹೆಚ್ಚು.

ನನ್ನ ಲೆಕ್ಕ ನನ್ನ ಹೊಲದ್ದು. ಬಿತ್ತನೆಗೆ ಮೊದಲು ನಿಮ್ಮ ಮಣ್ಣನ್ನು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ ಪರೀಕ್ಷೆ ಮಾಡಿಸಿ. ರಂಜಕ, ಪೊಟ್ಯಾಷ್ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಎಷ್ಟು ಇಳಿಸಬಹುದು ಅಂತ ಕೂತು ಲೆಕ್ಕ ಹಾಕೋಣ.