ಪಾಕೀಟಿನ ಹಿಂದಿನ ನಂಬರ್ ಏನ್ ಹೇಳ್ತಾವ?

ಪ್ರಶ್ನೆ: ಅಕ್ಕಾರ, ಮಕ್ಕಳಿಗಿ ಸೂಪರ್ ಮಾರ್ಕೆಟ್ ಕಡಿಂದ ಬಿಸ್ಕೀಟು, ನೂಡಲ್ಸ್ ತರ್ತೀವಿ, ಹಿಂದ ನೋಡಿದ್ರ ಐಎನ್‌ಎಸ್ 322, 500, 627 ಅಂತ ಇರ್ತದ. ಇವೆಲ್ಲಾ ಕೆಮಿಕಲ್ ಏನ್ರಿ, ಕೊಡಬೇಕೋ ಬ್ಯಾಡೋ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ನಂಬರ್ ಅದ ಅಂತ ಹೆದರ್ಬ್ಯಾಡ್ರಿ ತಂಗಿ. ಐಎನ್‌ಎಸ್ ಅಂದ್ರ ತಿನ್ನೋ ಪದಾರ್ಥದಾಗ ಸೇರಿಸೋ ವಸ್ತುಗಳಿಗಿ ಕೊಟ್ಟ ಅಂತರರಾಷ್ಟ್ರೀಯ ನಂಬರ್. 322 ಅಂದ್ರ ಲೆಸಿಥಿನ್, ಎಣ್ಣಿ ನೀರು ಬ್ಯಾರೆ ಆಗದಂಗ ಹಿಡೀತದ, ಹೆಚ್ಚಾಗಿ ಸೋಯಾದಿಂದ ತೆಗೀತಾರ, ಸೋಯಾ ಅಲರ್ಜಿ ಇದ್ದವ್ರು ಅಷ್ಟು ನೋಡ್ಕೋಬೇಕು. 500(2) ನಮ್ಮ ಅಡಗಿ ಸೋಡಾನೇ. 330 ನಿಂಬಿಹಣ್ಣಿನಾಗ ಇರೋ ಸಿಟ್ರಿಕ್ ಆಸಿಡ್. 627, 631 ರುಚಿ ಹೆಚ್ಚಿಸೋವು, ನೂಡಲ್ಸ್ ಮಸಾಲಿಯೊಳಗ ಇರ್ತಾವ, ಮನ್ಯಾಗ ಯಾರಿಗರೆ ಯೂರಿಕ್ ಆಸಿಡ್ ತ್ರಾಸ ಇದ್ರ ಡಾಕ್ಟರಿಗೆ ಕೇಳ್ರಿ. 102 ಹಳದಿ ಬಣ್ಣ, ಟಾರ್ಟ್ರಜೀನ್, ಕೆಲವ್ರಿಗಿ ಮೈಮ್ಯಾಲ ಗಂಧಿ ಏಳ್ತಾವ.

ಆದ್ರ ನನಗ ಖರೇ ಚಿಂತಿ ಇರೋದು ನಂಬರ್‌ದಲ್ಲ, ಪಾಕೀಟಿನ ಮ್ಯಾಲಿನ ಪದಾರ್ಥಗಳ ಪಟ್ಟಿಯ ಮೊದಲ್ನೇ ಸಾಲಿಂದು. ತೂಕದಾಗ ಯಾವ್ದು ಜಾಸ್ತಿ ಅದ ಅದೇ ಮೊದಲ ಬರೀಬೇಕು ಅಂತ ರೂಲ್ ಅದ, ಮೈದಾ, ಸಕ್ಕರಿ, ಪಾಮ್ ಎಣ್ಣಿ ಮೊದಲ ಮೂರು ಇದ್ರ ಆ ಬಿಸ್ಕೀಟಿನಾಗ ಉಳದಿದ್ದೆಲ್ಲಾ ಚೂರುಪಾರು ಅಂತ ತಿಳ್ಕೋರಿ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಅಂದ್ರೂ ಸಕ್ಕರಿನೇ ರೀ. ಬೆಲಿ ನೋಡೋಕಿಂತ ಮೊದಲ ಇದನ್ನ ಓದ್ರಿ, ಆಮ್ಯಾಲ 100 ಗ್ರಾಮಿಗೆ ಸೋಡಿಯಂ (ಉಪ್ಪಿನಾಗ ಇರೋದು) ಎಷ್ಟದ ಅಂತ ಎರಡು ಪಾಕೀಟು ಬಾಜೂಕ ಇಟ್ಟು ನೋಡಿ, ಕಡಿಮಿ ಇದ್ದಿದ್ದು ತಗೋರಿ.