ಭುಜಕ್ಕೆ ಕೂತರೆ ಅದು ನಿಮ್ಮ ಜರ್ಕಿನ್

ಬಟ್ಟೆ ಬರೆ: ಓದುಗರ ಪ್ರಶ್ನೆಗಳಿಗೆ ಬೆಳಗಾವಿ ಶಹಾಪುರದ ಟೇಲರ್ ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾರ, ನಮಸ್ಕಾರ. ಮೂರು ಎಕರೆ ಕಬ್ಬು ಹಚ್ಚೀನಿ. ಮೋಟರಿಗೆ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ. ಡಿಸೆಂಬರ್, ಜನವರಿಯಲ್ಲಿ ನಡುರಾತ್ರಿ ಎದ್ದು ನೀರು ಹಾಯಿಸಬೇಕು. ನನ್ನ ಎತ್ತರ ಐದು ಅಡಿ ಒಂದು ಇಂಚು, ಎದೆ 32. ಯಾವ ಜರ್ಕಿನ್ ತಂದರೂ ತೋಳು ಬೆರಳು ದಾಟುತ್ತದೆ. ಮಡಚಿದರೆ ಮಡಿಕೆಯಲ್ಲಿ ಕೆಸರು ನೀರು ತುಂಬುತ್ತದೆ. ಕೆಳಗಿನಿಂದ ಗಾಳಿ ನುಗ್ಗುತ್ತದೆ. ಅಂಗಡಿಯಲ್ಲಿ ಕೇಳಿದರೆ "ಹುಡುಗರ ಕಡೆ ನೋಡ್ರಿ" ಅಂತ ನಗುತ್ತಾರೆ. ಅಲ್ಲಿ ನೋಡಿದರೆ ಎಲ್ಲದರ ಮೇಲೂ ಕಾರ್ಟೂನ್. ನನ್ನಂಥವರಿಗೆ ದುಡಿಯುವ ಬಟ್ಟೆ ಎಲ್ಲಿ ಸಿಗುತ್ತದೆ?
– ಹೆಸರು ಬೇಡ, ಗೋಕಾಕ ತಾಲ್ಲೂಕು

ಉತ್ತರ: ತಮ್ಮಾ, ಮೊದಲು ಆ ನಗುವಿನ ಮಾತು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದೀಪಾವಳಿ ಆಯಿತು ಅಂದರೆ ನಮ್ಮ ಅಂಗಡಿಗೆ ನಿಮ್ಮಂಥವರು ಬರಲು ಶುರು. ಲೈನ್‌ಮನ್ ಇರುತ್ತಾರೆ, ಗೌಂಡಿ ಇರುತ್ತಾರೆ, ರಾತ್ರಿ ವಾಚ್‌ಮನ್ ಇರುತ್ತಾರೆ. ಕೈಯಲ್ಲಿ ದೊಡ್ಡದೊಂದು ಜರ್ಕಿನ್, ಮುಖದಲ್ಲಿ ಸಂಕೋಚ. ತಪ್ಪು ನಿಮ್ಮ ಮೈಯದ್ದಲ್ಲ. ಕಾರ್ಖಾನೆಯವರು ಜಾಸ್ತಿ ಮಾರಾಟ ಆಗುವ ಅಳತೆ ಹಿಡಿದು ಹೊಲಿಯುತ್ತಾರೆ, ಆ ಅಳತೆಯ ಆಚೆ ಇರುವವರನ್ನು ಬಿಟ್ಟುಬಿಡುತ್ತಾರೆ. ದುಡಿಯುವ ಬಟ್ಟೆಯಲ್ಲಂತೂ ಈ ತೊಂದರೆ ಇನ್ನೂ ಜಾಸ್ತಿ. ಮದುವೆಯ ಸೂಟು ಸಣ್ಣ ಅಳತೆಯಲ್ಲಿ ಸಿಗುತ್ತದೆ, ಹೊಲಕ್ಕೆ ಹಾಕುವ ಜರ್ಕಿನ್ ಸಿಗುವುದಿಲ್ಲ.

ದೊಡ್ಡ ಜರ್ಕಿನ್‌ನಲ್ಲಿ ಥಂಡಿ ಯಾಕೆ ಹತ್ತುತ್ತದೆ ಅನ್ನುವುದು ಗೊತ್ತಾದರೆ ಮುಂದಿನದು ಸುಲಭ. ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ನಿಮ್ಮ ಮೈಯದೇ. ಬಟ್ಟೆಯ ಒಳಗೆ ನಿಂತ ಗಾಳಿ ಅದನ್ನು ಹಿಡಿದಿಡುತ್ತದೆ. ಆ ಗಾಳಿ ಅಲುಗಾಡಬಾರದು. ನೀವು ಸಲಿಕೆ ಹಿಡಿದು ಬಗ್ಗಿ ಎದ್ದಾಗಲೆಲ್ಲ ಸಡಿಲ ಜರ್ಕಿನ್ ಕಮ್ಮಾರನ ತಿದಿಯ ಹಾಗೆ ಬಿಸಿ ಗಾಳಿಯನ್ನು ಕೊರಳಿನಿಂದ ಹೊರಗೆ ನೂಕುತ್ತದೆ, ತಣ್ಣನೆಯದನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಇನ್ನೂ ದಪ್ಪನೆಯದು ತಂದರೆ ಪ್ರಯೋಜನ ಇಲ್ಲ. ಕೊರಳು, ಮುಂಗೈ, ಸೊಂಟ, ಈ ಮೂರು ಬಾಗಿಲು ಮುಚ್ಚಬೇಕು.

ಇನ್ನೊಂದು ಮಾತು, ಇದು ಥಂಡಿಗಿಂತ ದೊಡ್ಡದು. ಒದ್ದೆ ತೋಳು ಜೋಲಾಡುತ್ತಿರುವಾಗ ಸ್ಟಾರ್ಟರ್ ಬಾಕ್ಸಿಗೆ ಕೈ ಹಾಕಬೇಡಿ. ಮೇವು ಕತ್ತರಿಸುವ ಯಂತ್ರ, ಬೆಲ್ಟ್ ಇರುವ ಮೋಟರ್ ಹತ್ತಿರವೂ ಅಷ್ಟೇ. ತೋಳು ಸಿಕ್ಕಿದರೆ ಕೈ ಹೋಗುತ್ತದೆ. ಮೈಗೆ ಕೂರುವ ಬಟ್ಟೆ ಶೋಕಿ ಅಲ್ಲ ಅಂತ ಅದಕ್ಕೇ ಹೇಳುವುದು.

ಈಗ ಕೊಳ್ಳುವ ವಿಚಾರ. ಚೀಟಿಯ ಮೇಲಿನ ಎಸ್, ಎಂ ಅಕ್ಷರ ನಂಬಬೇಡಿ. ಒಂದು ಕಂಪನಿಯ ಎಸ್ ಇನ್ನೊಂದರ ಎಂ ಆಗಿರುತ್ತದೆ. ಜೇಬಿನಲ್ಲಿ ಟೇಪ್ ಇಟ್ಟುಕೊಂಡು ಹೋಗಿ. ಒಳಗೆ ಹಾಕುವ ಸ್ವೆಟರ್ ಹಾಕಿಕೊಂಡೇ ಹೋಗಿ. ಮೊದಲು ನೋಡಬೇಕಾದದ್ದು ಭುಜ. ತೋಳು ಕೂಡುವ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೆ ಬರಬೇಕು. ಅರ್ಧ ಇಂಚು, ಹೆಚ್ಚೆಂದರೆ ಒಂದು ಇಂಚು ಆಚೆ ಹೋದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಜಾರಿದರೆ ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಅಗ್ಗ ಇರಲಿ. ತೋಳು ಗಿಡ್ಡ ಮಾಡಬಹುದು, ಬದಿ ಹಿಡಿಯಬಹುದು. ಭುಜ ಹಿಡಿಯಬೇಕಾದರೆ ತೋಳು ಪೂರ್ತಿ ಬಿಚ್ಚಿ, ಕಂಕುಳ ಸುತ್ತು ಹೊಸದಾಗಿ ಕತ್ತರಿಸಿ, ಮತ್ತೆ ಕೂಡಿಸಬೇಕು. ಒಳಗೆ ಹತ್ತಿ ತುಂಬಿದ ಜರ್ಕಿನ್‌ಗೆ ಆ ಕೆಲಸ ಮಾಡಿದರೆ ಮಜೂರಿಯೂ ಜಾಸ್ತಿ, ಕೊನೆಗೆ ಸರಿಯಾಗಿ ಕೂರುವುದೂ ಇಲ್ಲ.

ಭುಜ ಸರಿ ಇದ್ದರೆ ಎರಡೂ ಕೈ ಮೇಲೆತ್ತಿ. ಜರ್ಕಿನ್‌ನ ಕೆಳ ಅಂಚು ಸೊಂಟದ ಪಟ್ಟಿ ಬಿಟ್ಟು ಮೇಲೆ ಬಂತೋ ನೋಡಿ. ಬಂದರೆ ಕಂಕುಳ ಸುತ್ತು ದೊಡ್ಡದು, ಕೆಳಗಿಳಿದಿದೆ ಅಂತ ಅರ್ಥ. ಕಂಕುಳು ಸಡಿಲ ಇದ್ದರೆ ಕೈ ಸಲೀಸಾಗಿ ಆಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ಕಂಕುಳು ಮೇಲೆ, ಮೈಗೆ ಹತ್ತಿರ ಇದ್ದರೆ ಕೈ ಮಾತ್ರ ಏಳುತ್ತದೆ. ಕೆಳಗೆ ಜೋತುಬಿದ್ದಿದ್ದರೆ ಕೈ ಜೊತೆ ಇಡೀ ಜರ್ಕಿನ್ ಏಳುತ್ತದೆ, ಬೆನ್ನಿಗೆ ಗಾಳಿ ಹೊಡೆಯುತ್ತದೆ. ಆಮೇಲೆ ಅಂಗಡಿಯಲ್ಲೇ ನೀರು ತಿರುಗಿಸುವವರ ಹಾಗೆ ಒಮ್ಮೆ ಬಗ್ಗಿ ನೋಡಿ. ಯಾರು ನೋಡಿದರೇನು, ದುಡ್ಡು ನಿಮ್ಮದು.

ಹುಡುಗರ ಬಟ್ಟೆಯ ಬಗ್ಗೆ ನನ್ನ ಅಭಿಪ್ರಾಯ: ಒಳಗೆ ಹಾಕುವುದಕ್ಕೆ ಬಹಳ ಒಳ್ಳೆಯದು, ಮೇಲೆ ಹಾಕುವುದಕ್ಕೆ ಅಷ್ಟಕ್ಕಷ್ಟೇ. 14ರಿಂದ 16 ವರ್ಷದವರ ಥರ್ಮಲ್, ಅಂದರೆ ಒಳಗೆ ಹಾಕುವ ಬೆಚ್ಚನೆ ಬನಿಯನ್, ನಿಮ್ಮ ಎದೆಗೆ ಚೆನ್ನಾಗಿ ಕೂರುತ್ತದೆ. ಅಗ್ಗವೂ ಹೌದು, ಯಾರಿಗೂ ಕಾಣುವುದೂ ಇಲ್ಲ. ಆದರೆ ಹುಡುಗರ ಜರ್ಕಿನ್ ಬೆಳೆಯುವ ಮೈಗೆ ಹೊಲಿದದ್ದು. ದುಡಿದು ದುಡಿದು ಅಗಲವಾದ ಭುಜ, ಗಟ್ಟಿಯಾದ ಬೆನ್ನು ಅದರೊಳಗೆ ಬಿಗಿಯುತ್ತದೆ. ಬಟ್ಟೆಯೂ ಶಾಲೆಗೆ ಹೋಗುವಷ್ಟು ಗಟ್ಟಿ, ಕಬ್ಬಿನ ಗರಿಗೆ ತಡೆಯುವಷ್ಟಲ್ಲ.

ಥರ್ಮಲ್ ಮೇಲೆ ಸ್ವೆಟರ್. ಹೆಣೆದ ಬಟ್ಟೆ ಹಿಗ್ಗುವುದರಿಂದ ಅಳತೆಯ ತಕರಾರು ಕಡಿಮೆ. ಚಳಿಗಾಲಕ್ಕೆ ನಮ್ಮ ಕಡೆ ಊರುಗಳಿಗೆ ಟಿಬೆಟನ್ನರು ಸ್ವೆಟರ್ ಮಾರಲು ಬರುತ್ತಾರಲ್ಲ, ಅವರ ಹತ್ತಿರ ಸಣ್ಣ ಅಳತೆ ಕೇಳಿ ನೋಡಿ. ಉಣ್ಣೆ ಜಾಸ್ತಿ ಇರುವುದನ್ನು ಆರಿಸಿ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಹತ್ತಿ ಬಟ್ಟೆ ನೀರು ಕುಡಿದು ಮೈಗೆ ಅಂಟಿ ಇನ್ನಷ್ಟು ತಣ್ಣಗೆ ಮಾಡುತ್ತದೆ. ಬೆವತ ಹತ್ತಿ ಬನಿಯನ್ ಮೇಲೆ ಏನೇ ಹಾಕಿದರೂ ನಡುಕ ನಿಲ್ಲದಿರುವುದು ಇದಕ್ಕೇ.

ಮೇಲಿನದನ್ನು ಹೊಲಿಸಿಬಿಡಿ ಅಂತ ನಾನು ಹೇಳುತ್ತೇನೆ. ನಾನು ಟೇಲರ್ ಅನ್ನುವ ಕಾರಣಕ್ಕೆ ಹೀಗೆ ಹೇಳುತ್ತಿಲ್ಲ. ಸಿದ್ಧ ಜರ್ಕಿನ್ ತಂದು, ಆಲ್ಟರ್ ಮಾಡಿಸಿ, ಆಮೇಲೂ ಬೈದುಕೊಂಡು ಹಾಕಿಕೊಳ್ಳುವುದಕ್ಕಿಂತ ಇದು ವಾಸಿ. ನಿಮ್ಮ ಅಳತೆಗೆ 58 ಇಂಚು ಪನ್ನಾದ (ಅಗಲದ) ಬಟ್ಟೆ ಎರಡು ಮೀಟರ್ ಸಾಕು. ಗಾಳಿ ಹೋಗದ ಪ್ಯಾರಾಶೂಟ್ ಬಟ್ಟೆ ತಗೊಳ್ಳಿ, ಸ್ವಲ್ಪ ದಪ್ಪನೆಯದು. ಒಳಗೆ ಮೆತ್ತನೆ ಅಸ್ತರ. ನಿಮ್ಮ ಊರಿನ ಟೇಲರ್‌ಗೆ ಹೀಗೆ ಹೇಳಿ: ಅಳತೆ ಸ್ವೆಟರ್ ಮೇಲೆ ತೆಗೆಯಬೇಕು, ಎದೆಗೆ ಅದರ ಮೇಲೆ ನಾಲ್ಕೈದು ಇಂಚು ಬಿಡಬೇಕು. ಹಿಂಭಾಗ ಮುಂಭಾಗಕ್ಕಿಂತ ಎರಡು ಇಂಚು ಉದ್ದ ಇರಬೇಕು, ಬಗ್ಗಿದಾಗ ಸೊಂಟ ಬಯಲಾಗಬಾರದು. ತೋಳನ್ನು ಮೊಣಕೈ ಮಡಚಿ ಅಳೆಯಬೇಕು. ಮುಂಗೈಗೆ ಇಲಾಸ್ಟಿಕ್, ಕೆಳಗೆ ಎಳೆದು ಕಟ್ಟುವ ದಾರ. ಮತ್ತೆ ಕಂಕುಳಲ್ಲಿ ಒಂದು ಚೌಕ ತುಂಡು. ಹಿಂದೆ ಹಿರಿಯರ ನಿಲುವಂಗಿಗೆ ಇಡುತ್ತಿದ್ದರಲ್ಲ, ಅದೇ. ಮೂರು ಇಂಚಿನ ತುಂಡು ಸಾಕು, ಸಲಿಕೆ ಎತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ವಯಸ್ಸಾದ ಟೇಲರ್ ಆದರೆ ಅರ್ಧ ಮಾತಿಗೇ ತಿಳಿದುಕೊಳ್ಳುತ್ತಾರೆ.

ಈಗ ಇರುವ ಜರ್ಕಿನ್ ಎಸೆಯಬೇಡಿ. ಭುಜ ತೀರಾ ಜಾರದಿದ್ದರೆ ತೋಳು ಗಿಡ್ಡ ಮಾಡಿಸಿ. ಕತ್ತರಿಸುವ ಗೆರೆಗಿಂತ ಸ್ವಲ್ಪ ಮೇಲೆ ಮೊದಲು ಒಂದು ಸುತ್ತು ಹೊಲಿಗೆ ಹಾಕಿ, ಆಮೇಲೆ ಕತ್ತರಿ ಇಡಬೇಕು. ಇಲ್ಲದಿದ್ದರೆ ಒಳಗಿನ ಹತ್ತಿ ಸರಿದು ಹೊರಗೆ ಬರುತ್ತದೆ. ತುದಿಯ ರಿಬ್, ಅಂದರೆ ಹಿಗ್ಗುವ ಹೆಣಿಗೆ ಪಟ್ಟಿ, ಬಿಚ್ಚಿಟ್ಟುಕೊಂಡು ಅದನ್ನೇ ಮತ್ತೆ ಕೂಡಿಸಲು ಹೇಳಿ. ಮೂರು ಇಂಚಿಗಿಂತ ಜಾಸ್ತಿ ಕತ್ತರಿಸಿದರೆ ಮುಂಗೈ ಅಗಲ ಆಗುತ್ತದೆ, ಆಗ ಮೊಣಕೈಯಿಂದಲೇ ಹಿಡಿದು ತರಬೇಕು. ಮೈ ಉದ್ದವನ್ನು ಮಾತ್ರ ಕೆಳಗಿನಿಂದ ಕತ್ತರಿಸಲು ಬಿಡಬೇಡಿ. ಜಿಪ್‌ನ ಎರಡು ಕಡೆ ಕೂಡುವ ಪೆಟ್ಟಿಗೆ ಕೆಳತುದಿಯಲ್ಲಿ ಇರುತ್ತದೆ. ಅದು ಹೋದರೆ ಜಿಪ್ಪೇ ಹೋಯಿತು. ಉದ್ದ ಬಹಳ ಇದ್ದರೆ ಹೊಸ ಜಿಪ್ ಹಾಕಿಸಬೇಕು. ಇಲ್ಲವೇ ಸೊಂಟದಲ್ಲಿ ಒಳಗಿನಿಂದ ದಾರ ಕಟ್ಟಿಸಿ ಹಾಗೇ ಬಿಡಿ, ಬೆಚ್ಚಗೇ ಇರುತ್ತದೆ.

ಮನೆಯಲ್ಲಿ ಹಳೆ ಕುರಿಕಂಬಳಿ ಇದೆಯೇ? ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಆದರೆ ಗಾಳಿ, ಹನಿ ಮಳೆ ಎರಡಕ್ಕೂ ನಿಲ್ಲುತ್ತದೆ. ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿ ಇನ್ನೂ ಗಟ್ಟಿ. ಬದುವಿನ ಮೇಲೆ ನೀರು ಕಾಯುತ್ತ ಕೂರುವಾಗ ಅದರ ಕೊಪ್ಪೆ ಹಾಕಿಕೊಂಡರೆ ಅಳತೆಯ ಮಾತೇ ಇಲ್ಲ. ತೂತು ಬಿದ್ದ ಕಂಬಳಿ ಇದ್ದರೆ ಚೆನ್ನಾಗಿರುವ ಭಾಗ ಕತ್ತರಿಸಿ, ಒಳಗೆ ಹತ್ತಿ ಅಸ್ತರ ಕೊಟ್ಟು, ತೋಳಿಲ್ಲದ ಜಾಕೀಟು ಹೊಲಿಸಿ. ಎದೆ, ಬೆನ್ನು ಬೆಚ್ಚಗಿದ್ದರೆ ಕೈಗೂ ಬಿಸಿ ಬರುತ್ತದೆ. ನನಗೆ ಹೊಲಿಯಲು ಬಹಳ ಇಷ್ಟವಾದ ಬಟ್ಟೆ ಇದು. ಸೂಜಿ ಮುರಿಯುತ್ತದೆ, ಆದರೂ ಇಷ್ಟ.

ಗಮ್‌ಬೂಟ್ ಸಡಿಲ ಇರುತ್ತದೆ ಅಂತ ಮೂರು ಜೊತೆ ಸಾಕ್ಸ್ ತುರುಕಬೇಡಿ. ಬಿಗಿದರೆ ರಕ್ತ ಸರಿಯಾಗಿ ಓಡುವುದಿಲ್ಲ, ಬೆರಳು ಮರಗಟ್ಟುತ್ತದೆ. ಒಳಗೆ ದಪ್ಪ ಅಟ್ಟೆ ಹಾಕಿ, ಒಂದೇ ಜೊತೆ ಉಣ್ಣೆ ಸಾಕ್ಸ್ ಹಾಕಿಕೊಳ್ಳಿ.

ಪ್ರಶ್ನೆ: ಅಕ್ಕಾ, ನನ್ನ ತಮ್ಮ ವಿಜಯಪುರದಲ್ಲಿ ಬೆಳಗಿನ ಜಾವ ಬೈಕ್ ಮೇಲೆ ಹಾಲು ಹಾಕುತ್ತಾನೆ. ಸಣ್ಣ ಆಳು, ಕೈಯೂ ಸಣ್ಣದು. ಗ್ಲೌಸ್ ಹಾಕಿದರೆ ಬೆರಳ ತುದಿ ಖಾಲಿ ಉಳಿಯುತ್ತದೆ, ಕ್ಲಚ್ ಹಿಡಿಯಲು ಆಗುವುದಿಲ್ಲ ಅಂತ ಬರಿಗೈಯಲ್ಲೇ ಹೋಗುತ್ತಾನೆ. ಕೈ ಒಡೆದು ರಕ್ತ ಬರುತ್ತದೆ.
– ಒಬ್ಬ ಅಕ್ಕ, ವಿಜಯಪುರ

ಉತ್ತರ: ತಂಗಿ, ಅವನು ಹೇಳುವುದು ಸರಿ. ಬೆರಳು ತುಂಬದ ಗ್ಲೌಸ್ ಹಾಕಿ ಬೈಕ್ ಓಡಿಸುವುದು ಅಪಾಯ. ಹಾಗಂತ ಬರಿಗೈ ಕೂಡ ಬೇಡ. ಹೊರಗೆ 10 ಡಿಗ್ರಿ ಇದ್ದಾಗ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈಗೆ ಅದು 6 ಡಿಗ್ರಿಯಷ್ಟು ಹತ್ತುತ್ತದೆ. ಅದರ ಮೇಲೆ ಹಾಲಿನ ಕ್ಯಾನಿನ ಒದ್ದೆ.

ಅವನ ಅಂಗೈ ಸುತ್ತಳತೆ ತೆಗೆಯಿರಿ. ಹೆಬ್ಬೆರಳು ಬಿಟ್ಟು, ಬೆರಳ ಬುಡದ ಗೆಣ್ಣುಗಳ ಮೇಲೆ ಟೇಪ್ ಸುತ್ತಿ. ಎಷ್ಟು ಇಂಚು ಬರುತ್ತದೋ ಹೆಚ್ಚುಕಡಿಮೆ ಅದೇ ಗ್ಲೌಸಿನ ನಂಬರ್. ಏಳು ಬಂದರೆ 7 ನಂಬರ್ ಕೇಳಿ. ಗಂಡಸರದ್ದು ಸಿಗದಿದ್ದರೆ ಹೆಂಗಸರ ಬೈಕ್ ಗ್ಲೌಸ್ ತಗೊಳ್ಳಿ, ಕಪ್ಪು ಬಣ್ಣದ್ದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೂ ಏನೀಗ? ಬೆರಳು ಒಡೆಯುವುದು ಅವನದು. ಗ್ಲೌಸಿನ ಮುಂಗೈ ಭಾಗ ಜರ್ಕಿನ್ ತೋಳಿನ ಒಳಗೆ ಹೋಗುವಷ್ಟು ಉದ್ದ ಇರಲಿ.

ಎದೆಗೆ ಗಾಳಿ ಹೊಡೆಯುತ್ತದೆ ಅಂದರೆ ಸ್ವೆಟರ್‌ಗೂ ಜರ್ಕಿನ್‌ಗೂ ನಡುವೆ ಹಳೆ ಪೇಪರ್ ಎರಡು ಹಾಳೆ ಮಡಚಿ ಇಟ್ಟುಕೊಳ್ಳಲು ಹೇಳಿ. ಸುಮ್ನೆ ಹೇಳುತ್ತಿಲ್ಲ, ಗಾಳಿ ಚೆನ್ನಾಗಿ ತಡೆಯುತ್ತದೆ. ರಾತ್ರಿ ಮಲಗುವಾಗ ಕೈಗೆ ಕೊಬ್ಬರಿ ಎಣ್ಣೆ ಮರೆಯಬಾರದು.

ಪ್ರಶ್ನೆ: ನಾನು ಐದು ಅಡಿ ಎರಡು ಇಂಚು. ಖಾನಾಪುರ ಕಡೆ ಮರದ ಕೆಲಸ, ಬೆಳಗ್ಗೆ ಮಂಜು ಜಾಸ್ತಿ. ಬೆಳಗಾವಿಯ ಕ್ಯಾಂಪ್ ಕಡೆ ಮಿಲಿಟರಿ ಬಟ್ಟೆ ಸಿಗುತ್ತದೆ, ಗಟ್ಟಿ ಇರುತ್ತದೆ ಅನ್ನುತ್ತಾರೆ. ಹಾಕಬಹುದೇ?
– ಓದುಗ, ಖಾನಾಪುರ

ಉತ್ತರ: ಅಣ್ಣಾರ, ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಿನ ಊರಲ್ಲಿ ಈ ಪ್ರಶ್ನೆ ಬಾರದೇ ಇರುವುದುಂಟೇ? ಒಂದು ಬಣ್ಣದ ಹಸಿರು ಉಣ್ಣೆ ಜರ್ಸಿ, ಸಾಕ್ಸ್, ಕೊರಳಿಗೆ ಸುತ್ತುವ ಬಟ್ಟೆ ತಗೊಳ್ಳಿ, ತೊಂದರೆ ಇಲ್ಲ. ಚುಕ್ಕೆ, ಮಚ್ಚೆ ಇರುವ ಸಮವಸ್ತ್ರದ ಬಟ್ಟೆ ಬೇಡ. 2022ರ ಜನವರಿ 15ರ ಸೇನಾ ದಿನದಂದು ಸೇನೆ ಹೊಸ ಮಾದರಿಯ ಸಮವಸ್ತ್ರ ತೋರಿಸಿತು, ಅದನ್ನು ಹೊರಗೆ ಮಾರುವ ಹಾಗಿಲ್ಲ. ಸೈನಿಕ ಅಂತ ಜನ ನಂಬಲಿ ಎಂದು ಅಂಥ ಬಟ್ಟೆ ಹಾಕುವುದು ಅಪರಾಧವೂ ಹೌದು. ಗಡಿಯಲ್ಲಿ ನಿಂತವರ ಬಟ್ಟೆ ಅವರಿಗೇ ಇರಲಿ.

ಜರ್ಸಿಯ ತೋಳು ನಿಮಗೆ ಉದ್ದ ಆಗುವುದು ಖಂಡಿತ. ಮನೆಯಲ್ಲಿ ಕತ್ತರಿ ಹಾಕಬೇಡಿ, ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಲ್ಲಿ ತೊಳೆದು, ನೇತುಹಾಕದೆ ಹಾಸಿ ಒಣಗಿಸಿ, ಎಷ್ಟು ಕುಗ್ಗುತ್ತದೆ ನೋಡಿ. ಆಮೇಲೂ ಉದ್ದ ಇದ್ದರೆ ಅಂಚು ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಮಶಿನ್ ಇರುವ ಟೇಲರ್ ಹತ್ತಿರ ಕೊಡಿ. ತುದಿಯ ರಿಬ್ ತೆಗೆದು, ತೋಳು ಗಿಡ್ಡ ಮಾಡಿ, ಅಂಚಿಗೆ ಓವರ್‌ಲಾಕ್ ಹೊಡೆದು, ಅದೇ ರಿಬ್ ಕೂಡಿಸಿ ಕೊಡುತ್ತಾರೆ.